ಹಲಸಿನ ಮರದ ಕೆಳಗಿನ ವಿಧಾನಸಭೆ

(ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರು ಆಡಿದ ಮಾತುಗಳ ಬರಹರೂಪ)



ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಈ ಶಾಲೆಯಲ್ಲಿ ನಾನಿದ್ದದ್ದು ಹನ್ನೊಂದು ವರ್ಷ. ಅಷ್ಟನ್ನೂ ಹತ್ತು ನಿಮಿಷದಲ್ಲಿ ಹೇಳಲು ಹೋದರೆ ಯಾವುದನ್ನೂ ಹೇಳಿದಂತಾಗುವುದಿಲ್ಲ. ಹಾಗಾಗಿ ಒಂದೇ ಆಟದ ವಿಷಯ ಹೇಳುತ್ತೇನೆ. ಆ ಆಟದಲ್ಲಿ ಓಡಿದವರು ಕೆಲವರು ಈ ಪೆಂಡಾಲಿನಲ್ಲೇ ಕುಳಿತಿದ್ದೀರಿ.

ಒಂಬತ್ತನೇ ತರಗತಿಗೆ ಶಾಸಕಾಂಗದ ಪಾಠ ಮಾಡುತ್ತಿದ್ದೆ. ವಿಧಾನಸಭೆಗೆ ಆಗ 225 ಸದಸ್ಯರು, ವಿಧಾನ ಪರಿಷತ್ತಿಗೆ 75. ಮಕ್ಕಳು ಇವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು. ಒಂದು ದಿನ ಸುಮ್ಮನೆ ಕೇಳಿದೆ, "ಕಾನೂನು ಮಾಡುವವರು ಯಾರು?" ಒಬ್ಬ "ಪೊಲೀಸರು" ಎಂದ. ಇನ್ನೊಬ್ಬಳು "ಡಿ.ಸಿ. ಸಾಹೇಬರು" ಎಂದಳು. ಮೂರನೆಯವನು ಎಲ್ಲರಿಗಿಂತ ಜಾಣ. "ಬೆಂಗಳೂರಿನವರು ಸಾರ್" ಎಂದ. ಹತ್ತಕ್ಕೆ ಹತ್ತು ಅಂಕ ತೆಗೆಯುತ್ತಿದ್ದ ಮಕ್ಕಳೇ ಇವರು. ತಪ್ಪು ಅವರದಲ್ಲ, ನನ್ನದು ಎಂದು ಅವತ್ತು ಗೊತ್ತಾಯಿತು.

ವಿಧಾನಸೌಧ ತೋರಿಸೋಣ ಎಂದರೆ ಸಾಗರದ ಕಡೆಯಿಂದ ಅದು ಒಂದು ರಾತ್ರಿಯ ಬಸ್ಸಿನ ದಾರಿ. ದುಡ್ಡೂ ಇರಲಿಲ್ಲ. ಹಾಗಾಗಿ ವಿಧಾನಸೌಧವನ್ನೇ ನಮ್ಮ ಆವರಣಕ್ಕೆ ತಂದೆವು. ಐದು ತಂಡ ಮಾಡಿ, ಒಂದೊಂದು ತಂಡಕ್ಕೂ ಅವರೇ ಬರೆದ ಒಂದು ವಿಧೇಯಕ ಕೈಗೆ ಕೊಟ್ಟು, ಮೊದಲ ಸುಳಿವಿನ ಚೀಟಿ ಹಂಚಿದೆ. ಒಂದು ಜಾಗದ ಕೆಲಸ ಮುಗಿದರೆ ಮುಂದಿನ ಚೀಟಿ. ಕೊನೆಯಲ್ಲಿ ವಿಧೇಯಕವನ್ನು ಕಾಯ್ದೆ ಮಾಡಿ ನೋಟೀಸ್ ಬೋರ್ಡಿಗೆ ಅಂಟಿಸಿದ ತಂಡ ಗೆದ್ದಂತೆ. ನಮಗೆ ಅದೇ ರಾಜ್ಯಪತ್ರ.

ಹಲಸಿನ ಮರದ ಕಟ್ಟೆ ವಿಧಾನಸಭೆ. ನಮ್ಮ ಅಟೆಂಡರೇ ಸಭಾಧ್ಯಕ್ಷರು. ಅಲ್ಲಿನ ಮೊದಲ ಚೀಟಿ: "ಕೋರಂ ಹುಡುಕಿ ತನ್ನಿ." ಒಟ್ಟು ಸದಸ್ಯರಲ್ಲಿ ಹತ್ತರಲ್ಲಿ ಒಂದು ಭಾಗವಾದರೂ ಹಾಜರಿರದೆ ಸದನ ನಡೆಸುವಂತಿಲ್ಲ, 225ಕ್ಕೆ ಲೆಕ್ಕ ಹಾಕಿದರೆ 23 ಜನ. ಒಂದು ತಂಡ ಕಬಡ್ಡಿ ಆಡುತ್ತಿದ್ದ ಎಂಟನೇ ತರಗತಿಯವರನ್ನೆಲ್ಲ ರಟ್ಟೆ ಹಿಡಿದು ಎಳೆತಂದು ಕೂರಿಸಿತು. ಅವರಿಗೆ ಏನು ನಡೆಯುತ್ತಿದೆ ಎಂಬುದೇ ಗೊತ್ತಿರಲಿಲ್ಲ, ಆದರೂ ಕೋರಂ ಆಯಿತು. (ಇದರ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ, ವೇದಿಕೆಯ ಮೇಲೆ ಜನಪ್ರತಿನಿಧಿಗಳಿದ್ದಾರೆ.)

ಅಲ್ಲೇ ಮೂರು ವಾಚನ. ಮೊದಲನೆಯದು ಮಂಡನೆ. ಎರಡನೆಯದರಲ್ಲಿ ಖಂಡ ಖಂಡವಾಗಿ ಚರ್ಚೆ, ತಿದ್ದುಪಡಿ. ಮೂರನೆಯದು ಒಟ್ಟು ಅಂಗೀಕಾರ. ಮಕ್ಕಳಿಗೆ ಎರಡನೆಯ ವಾಚನವೆಂದರೆ ಬೇಸರ. "ಎಲ್ಲ ಖಂಡಕ್ಕೂ ಹೌದು ಹೌದು ಸಾರ್, ಚೀಟಿ ಕೊಡಿ" ಎಂದು ಓಡುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಈ ಮಾತಿಗೆ ಬರುತ್ತೇನೆ.

ಗ್ರಂಥಾಲಯದ ಕೋಣೆ ವಿಧಾನ ಪರಿಷತ್ತು. ಪರಿಷತ್ತು ವಿಧೇಯಕವನ್ನು ಮೂರು ತಿಂಗಳ ತನಕ ಇಟ್ಟುಕೊಳ್ಳಬಹುದು. ವಿಧಾನಸಭೆ ಎರಡನೇ ಸಲ ಅಂಗೀಕರಿಸಿ ಕಳಿಸಿದರೆ ಒಂದು ತಿಂಗಳು, ಆಮೇಲೆ ತಡೆಯುವಂತಿಲ್ಲ. ನಮ್ಮಲ್ಲಿ ಅದು ಮೂರು ನಿಮಿಷ, ಒಂದು ನಿಮಿಷ. ಓಡುವ ಆಟದಲ್ಲಿ ಮೂರು ನಿಮಿಷ ಸುಮ್ಮನೆ ಕೂರುವುದೆಂದರೆ ಏನೆಂದು ಆಡಿದವರಿಗೇ ಗೊತ್ತು. ಹಣಕಾಸು ವಿಧೇಯಕಕ್ಕಾದರೆ ಹದಿನಾಲ್ಕೇ ದಿನ, ನಮ್ಮಲ್ಲಿ ಹದಿನಾಲ್ಕು ಎಣಿಸುವಷ್ಟು ಹೊತ್ತು. ತರಗತಿ ಗುಡಿಸದವರಿಗೆ ಒಂದು ರೂಪಾಯಿ ದಂಡ ಎಂಬ ವಿಧೇಯಕ ಹಿಡಿದಿದ್ದ ತಂಡವೊಂದು ಕೂಡಲೇ ವಾದ ಹೂಡಿತು: "ನಮ್ಮದರಲ್ಲಿ ದುಡ್ಡಿದೆ, ನಮ್ಮದು ಹಣಕಾಸು ವಿಧೇಯಕ!" ದಂಡ ವಿಧಿಸುವ ಮಾತಿದೆ ಎಂಬ ಕಾರಣಕ್ಕಷ್ಟೇ ಅದು ಹಣಕಾಸು ವಿಧೇಯಕ ಆಗುವುದಿಲ್ಲ ಎಂದು ಸಂವಿಧಾನವೇ ಹೇಳುತ್ತದೆ, ಯಾವುದು ಹೌದು, ಯಾವುದು ಅಲ್ಲ ಎಂಬ ತೀರ್ಮಾನ ಸಭಾಧ್ಯಕ್ಷರದು. ನಮ್ಮ ಅಟೆಂಡರು ಕಟ್ಟೆಯ ಮೇಲಿಂದ "ಅಲ್ಲ" ಎಂದರು. ಅಷ್ಟು ಗಂಭೀರವಾದ ಮುಖ ನಾನು ಅವರಲ್ಲಿ ಮತ್ತೆ ಕಂಡಿಲ್ಲ.

ಮುಖ್ಯೋಪಾಧ್ಯಾಯರು ರಾಜ್ಯಪಾಲರು. ಸಂಜೆಯ ಬಸ್ಸು ತಪ್ಪುತ್ತದೆ, ಕೊನೆಯ ಗಂಟೆ ಹತ್ತು ನಿಮಿಷ ಮೊದಲು ಹೊಡೆಯಬೇಕು ಎಂಬ ವಿಧೇಯಕವನ್ನು ಅವರು ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಿದರು. ಮಕ್ಕಳು ಮರದಡಿಗೆ ಓಡಿ, ಗ್ರಂಥಾಲಯಕ್ಕೆ ಓಡಿ, ಮತ್ತೆ ಅಂಗೀಕರಿಸಿ ತಂದರು. ಹಾಗೆ ಎರಡನೇ ಸಲ ಬಂದರೆ ಅಂಕಿತ ಹಾಕದೆ ದಾರಿಯಿಲ್ಲ. ಸಹಿ ಹಾಕಿ ನನ್ನ ಕಡೆ ನೋಡಿ, "ನಿಜವಾಗಿಯೂ ಹೊಡೆಸಬೇಕೇನ್ರಿ?" ಎಂದರು. ಒಂದು ವಾರ ಹೊಡೆಸಿದೆವು. ಮೇಲಧಿಕಾರಿಗಳಿಗೆ ಈಗ ಗೊತ್ತಾದರೂ ಚಿಂತೆಯಿಲ್ಲ, ನನ್ನ ಪಿಂಚಣಿ ಮಂಜೂರಾಗಿದೆ.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಒಳ್ಳೆಯ ಆಟ. ಆದರೆ ನಾನು ಕೊನೆಗೊಂದು ಚೀಟಿ ಇಟ್ಟಿದ್ದೆ: "ನಮ್ಮ ವಿಧಾನ ಮಂಡಲದಲ್ಲಿ ಹುಟ್ಟಿದ ಒಂದು ಕಾಗದ ನಿಮ್ಮ ಮನೆಯಲ್ಲಿದೆ. ಕೇಳಿ, ಹುಡುಕಿ, ನಾಳೆ ತನ್ನಿ. ಐದು ಅಂಕ."

ಮರುದಿನ ರೇಷನ್ ಕಾರ್ಡುಗಳು ಬಂದವು, ಜನನ ಪ್ರಮಾಣಪತ್ರಗಳು ಬಂದವು. ಅವುಗಳ ಹಿಂದಿರುವುದು ಸಂಸತ್ತಿನ ಕಾಯ್ದೆ ಎಂದು ಅಂಕ ಕೊಡಲಿಲ್ಲ. ಒಬ್ಬ ಪಂಚಾಯತಿಯ ಕಂದಾಯ ರಸೀದಿ ತಂದ; 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ, ಪೂರ್ತಿ ಅಂಕ. ಆಮೇಲೆ ಒಬ್ಬಳು ಹುಡುಗಿ ಪ್ಲಾಸ್ಟಿಕ್ ಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದಳು. ಮಡಿಕೆಗಳಲ್ಲಿ ಹರಿದಿತ್ತು. ಭೂ ನ್ಯಾಯಮಂಡಳಿಯ ಆದೇಶ. ಅವಳ ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ಅವರದೇ ಎಂದು ಬರೆದುಕೊಟ್ಟ ಕಾಗದ. ಅವಳು ಎದ್ದು ನಿಂತು ಗಟ್ಟಿಯಾಗಿ ಓದಿದಳು: ಗೇಣಿದಾರರ ಹೆಸರು, ಸರ್ವೆ ನಂಬರು, ಭೂಮಾಲೀಕರ ಹೆಸರು.

ಅದೇ ತಂಡದಲ್ಲಿ, ಅದೇ ಬೆಂಚಿನ ತುದಿಯಲ್ಲಿ ಕುಳಿತಿದ್ದ ಹುಡುಗನೊಬ್ಬ ಮೆಲ್ಲಗೆ ಹೇಳಿದ: "ಅದು ನಮ್ಮ ಅಜ್ಜ."

ನಾನು ಮಾಡಿದ್ದೇನು? ಕಾಗದ ಇಸಿದುಕೊಂಡು, ಮಡಚಿ, ಅವಳ ಕೈಗಿಟ್ಟು, "ಮುಂದಿನವರು" ಎಂದೆ. ಅಂಕ ಹಾಕಲಿಲ್ಲ. ಹೆದರಿದ್ದೆ. ಆ ಎರಡು ಮನೆಗಳ ನಡುವೆ ಮದುವೆ ಮುಂಜಿಯ ಕರೆಯೂ ನಿಂತಿದೆ ಎಂದು ಆಮೇಲೆ ಸಹೋದ್ಯೋಗಿಯೊಬ್ಬರು ಹೇಳಿದರು. ಹುಡುಗಿ ತಲೆ ತಗ್ಗಿಸಿ ಕುಳಿತಳು. ತಾನು ತಂದದ್ದು ತಪ್ಪು ಕಾಗದ ಎಂದುಕೊಂಡಿರಬೇಕು. ಇಡೀ ತರಗತಿಯಲ್ಲಿ ಅದಕ್ಕಿಂತ ಸರಿಯಾದ ಕಾಗದ ಯಾರೂ ತಂದಿರಲಿಲ್ಲ.

ನನ್ನನ್ನು ಪಾರು ಮಾಡಿದವನು ಆ ಹುಡುಗನೇ. ಮಾರನೆಯ ದಿನ ಅವನೂ ಒಂದು ಕಾಗದ ತಂದ. ಹೋದ ಭೂಮಿಗೆ ಸರ್ಕಾರ ಗೊತ್ತು ಮಾಡಿದ ಪರಿಹಾರದ ಕಾಗದ. "ಇದೂ ಅದೇ ಕಾಯ್ದೆ ಅಲ್ವಾ ಸಾರ್?" ಎಂದ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಅವತ್ತು ಪಠ್ಯಪುಸ್ತಕ ತೆರೆಯಲಿಲ್ಲ.

ಕಾಗೋಡು ಎಂದಾಗ ಮಕ್ಕಳಿಗೆ ಅದೊಂದು ಬಸ್ ಸ್ಟಾಪು. 1951ರಲ್ಲಿ ಅಲ್ಲಿ ಭತ್ತ ಅಳೆಯುವ ಕೊಳಗದ ಜಗಳ ಗೇಣಿದಾರರ ಸತ್ಯಾಗ್ರಹವಾದದ್ದು, ಎಚ್. ಗಣಪತಿಯಪ್ಪನವರು ಅದನ್ನು ಕಟ್ಟಿದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಹೇಳಿದೆ. ಮರುವರ್ಷ, 1952ರಲ್ಲಿ, ಶಾಂತವೇರಿ ಗೋಪಾಲಗೌಡರು ನಮ್ಮ ಭಾಗದಿಂದಲೇ ವಿಧಾನಸಭೆಗೆ ಹೋದರು. 1961ರಲ್ಲಿ ಭೂ ಸುಧಾರಣಾ ಕಾಯ್ದೆಯಾಯಿತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಅಂಕಿತ ಬಿದ್ದಲ್ಲಿಗೆ ಆಟ ಮುಗಿಯಿತು ಎಂದುಕೊಂಡಿದ್ದವರು ಇದನ್ನು ಕೇಳಿ ಬೆರಗಾದರು. ಅದರಲ್ಲೂ ಸಂದುಗಳು ಉಳಿದಿದ್ದವು. ದೇವರಾಜ ಅರಸರ ಕಾಲದ ತಿದ್ದುಪಡಿ ಬಂದ ಮೇಲೆ, 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವರು ಅರ್ಜಿ ಹಾಕಿ ಹಕ್ಕು ಪಡೆಯುವಂತಾಯಿತು. ಅಷ್ಟರಲ್ಲಿ ಗೋಪಾಲಗೌಡರು ಇರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

"ಇಪ್ಪತ್ಮೂರು ವರ್ಷ!" ಎಂದಳು ಹುಡುಗಿ, ಬೆರಳು ಮಡಚಿ ಲೆಕ್ಕ ಹಾಕಿ. ಮೂರು ನಿಮಿಷ ಕೂರಲಾರದೆ ಒದ್ದಾಡಿದವಳು.

ಹುಡುಗನ ಪ್ರಶ್ನೆ ಬೇರೆ. "ನಮ್ಮ ಅಜ್ಜನ ತಂಗಿಗೆ ಗಂಡ ಇರಲಿಲ್ಲ. ಗೇಣಿಗೆ ಕೊಟ್ಟಿದ್ದ ಸ್ವಲ್ಪವೇ ಗದ್ದೆ. ಅದೂ ಹೋಯಿತು. ಅಂಥವರ ವಿಷಯ ಅಲ್ಲಿ ಯಾರೂ ಮಾತಾಡಲಿಲ್ವಾ?" ಅವನಿಗೆ ನಾನು ಹೇಳಿದ್ದು ಇಷ್ಟು: ಗೇಣಿಗೆ ಕೊಟ್ಟ ಸೈನಿಕರಿಗೂ ನಾವಿಕರಿಗೂ ಆ ಕಾಯ್ದೆಯಲ್ಲಿ ವಿನಾಯಿತಿ ಉಳಿಯಿತು, ವಿಧವೆಯರಿಗೆ ಉಳಿಯಲಿಲ್ಲ. ಯಾರಿಗೆ ಉಳಿಯಬೇಕು, ಯಾರಿಗೆ ಬೇಡ ಎಂದು ಒಂದೊಂದೇ ಖಂಡ ಹಿಡಿದು ಮಾತಾಡುವ ಜಾಗ ಎರಡನೆಯ ವಾಚನ. ನೀವು "ಹೌದು ಹೌದು" ಎಂದು ಓಡಿದಿರಲ್ಲ, ಅದೇ ಜಾಗ.

ಕಾಯ್ದೆ ಸರಿಯೇ ತಪ್ಪೇ ಎಂದು ಅವರಿಬ್ಬರೂ ವಾದ ಮಾಡಿದರು. ಗಂಟೆ ಹೊಡೆದರೂ ಮುಗಿಯಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆ ಕಾಯ್ದೆ ಬಾರದಿದ್ದರೆ ಆ ಹುಡುಗಿ ಬಹುಶಃ ಹೈಸ್ಕೂಲಿನ ಬೆಂಚಿನ ಮೇಲೆ ಇರುತ್ತಿರಲಿಲ್ಲ. ಅದನ್ನು ಅವತ್ತೇ ಹೇಳಿದೆ. ಹುಡುಗ ಒಪ್ಪಿಕೊಂಡ, ಆದರೆ ತನ್ನ ಪ್ರಶ್ನೆಯನ್ನು ಬಿಟ್ಟುಕೊಡಲಿಲ್ಲ. ಬಿಡು ಎಂದು ನಾನೂ ಹೇಳಲಿಲ್ಲ.

ಇಬ್ಬರೂ ಇವತ್ತು ಇಲ್ಲಿದ್ದಾರೆ. ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ, ಹೆಸರು ಮಾತ್ರ ಹೇಳುವುದಿಲ್ಲ. ಎರಡು ಮನೆಯವರಿಗೆ ಈಗ ಮಾತಿದೆಯೇ ಎಂದು ನೀವು ನನ್ನನ್ನು ಕೇಳಬೇಡಿ, ಅದು ಅವರಿಗೆ ಬಿಟ್ಟದ್ದು.

ಆ ಆಟದ ಚೀಟಿಗಳೆಲ್ಲ ಈ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಈಗಿನ ಸಮಾಜ ವಿಜ್ಞಾನದ ಮೇಡಂ ಅವರಿಗೆ ಒಪ್ಪಿಸುತ್ತಿದ್ದೇನೆ. ಒಂದು ತಿದ್ದುಪಡಿ ಇದೆ ಮೇಡಂ: ಚೀಟಿಯಲ್ಲಿ 225 ಎಂದಿದೆ. ಆಂಗ್ಲೋ ಇಂಡಿಯನ್ ನಾಮನಿರ್ದೇಶನ 2020ರ ಜನವರಿಗೆ ನಿಂತಿದೆ, ಈಗ 224. ಕೋರಂ ಮಾತ್ರ 23 ಕ್ಕೇ ನಿಲ್ಲುತ್ತದೆ. ಕೊನೆಯ ಚೀಟಿಯನ್ನು ಕೊಡುವ ಮುಂಚೆ ನನ್ನ ಹಾಗೆ ಅವಸರ ಮಾಡದೆ ಎರಡು ದಿನ ಯೋಚಿಸಿ, ಆದರೆ ಕೊಡಿ.

ಆ ಹುಡುಗಿಗೆ ಐದು ಅಂಕ ಬಾಕಿ ಇತ್ತು. ಡಬ್ಬಿಯ ಅಂಕಪಟ್ಟಿಯಲ್ಲಿ ನಿನ್ನೆ ರಾತ್ರಿ ಹಾಕಿದ್ದೇನೆ, ಕೆಂಪು ಶಾಯಿಯಲ್ಲಿ.