ಲ್ಯಾವೆಲ್ ರಸ್ತೆಯ ಹೆಸರಿನ ಹಿಂದೆ
(ದೋಣಿಗಲ್‌ನಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಕಲೇಶಪುರ ದಾಟಿ ಘಟ್ಟ ಇಳಿಯುವ ರೈಲಿಗೆ ಮೊದಲು ಸಿಗುವ ನಿಲ್ದಾಣ ನಿಮ್ಮ ದೋಣಿಗಲ್. ಕನ್ನಡದ ಕಿವಿಗೆ ಇದರಲ್ಲಿ ದೋಣಿಯೂ ಕಲ್ಲೂ ಕೇಳಿಸುತ್ತವೆ. ಇದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಐರ್ಲೆಂಡಿನವರಿಗೆ ತಮ್ಮ ಡೊನೆಗಾಲ್ ಜಿಲ್ಲೆ ನೆನಪಾದೀತು. ಐರಿಷ್ ಭಾಷೆಯಲ್ಲಿ ಅದಕ್ಕೆ 'ಪರಕೀಯರ ಕೋಟೆ' ಎಂದರ್ಥ. ಎರಡಕ್ಕೂ ದನಿಯ ಹೋಲಿಕೆ ಬಿಟ್ಟರೆ ಬೇರೆ ನಂಟಿಲ್ಲ. ಆದರೆ ಆ ಡೊನೆಗಾಲ್ ಸೀಮೆಯಲ್ಲಿ ಬೇರಿದ್ದ ಮನೆತನದ ಹೆಸರೊಂದು ಬೆಂಗಳೂರಿನ ರಸ್ತೆಯ ಫಲಕದ ಮೇಲಿದೆ. ಅದೇ ಲ್ಯಾವೆಲ್.

ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಭಾಗವಹಿಸಿದ್ದ ಐರಿಷ್ ಸೈನಿಕ ಮೈಕೇಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ 1871ರಲ್ಲಿ ಕೋಲಾರದತ್ತ ಚಿನ್ನ ಹುಡುಕಿಕೊಂಡು ಹೋದ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, ಮುಂದೆ ಪರವಾನಗಿ ಪಡೆದ. ಹಣ ಸಾಲದೆ ಹಕ್ಕನ್ನು ಇತರರಿಗೆ ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು; ರಸ್ತೆಗೆ ಅವನ ಹೆಸರು ಉಳಿದಿದೆ.

ಈ ಹೆಸರಿನ ಮೂಲರೂಪ 'ಓ ಮ್ವೀಲ್ ಆವಿಲ್'. 'ಓ' ಎಂದರೆ ವಂಶದವನು. ಉಳಿದುದನ್ನು 'ಸಂಚಾರಪ್ರಿಯ' ಎಂದು ಬಿಡಿಸುತ್ತಾರೆ. ಇಂಗ್ಲಿಷ್ ಬರಹಕ್ಕೆ ಇಳಿಯುವಾಗ ತಲೆಭಾಗ ಉದುರಿ, 'ಲ್' ಮುಂದಿನ ಪದಕ್ಕೆ ಅಂಟಿ, ಲ್ಯಾವೆಲ್ ಆಯಿತು. ಪಶ್ಚಿಮದ ಮೇಯೊ ಜಿಲ್ಲೆಯಲ್ಲಿ ಈ ರೂಪವೇ ನೆಲೆನಿಂತಿತು. ಡೊನೆಗಾಲ್ ಕಡೆ ಅದೇ ಹೆಸರು ಮ್ಯಾಕ್‌ಫಾಲ್ ಎಂದಾಯಿತು. ಒಂದೇ ಮೂಲದ ಹೆಸರು ಹೊತ್ತವರು ಹೀಗೆ ಪರಸ್ಪರ ಅಪರಿಚಿತರಾದರು.

1845ರಿಂದ 49ರ ಕ್ಷಾಮದಲ್ಲಿ ಐರ್ಲೆಂಡಿನ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಐರಿಷ್ ಮಾತಾಡುವವರು ಕಡಿಮೆಯಾದಂತೆ ಹೆಸರುಗಳ ಅರ್ಥವೂ ಮರೆಯಾಯಿತು. 1893ರಲ್ಲಿ ಭಾಷೆ ಉಳಿಸಲು ಗೇಲಿಕ್ ಲೀಗ್ ಹುಟ್ಟಿದ ಮೇಲೆ ಎಷ್ಟೋ ಮನೆಗಳು ಬಿಟ್ಟುಹೋದ 'ಓ'ವನ್ನು ಮತ್ತೆ ಸೇರಿಸಿಕೊಂಡವು.

ಇದು ದೂರದ ಕತೆಯೆನ್ನಬೇಡಿ. ನಮ್ಮಲ್ಲಿ ಊರು, ತಂದೆಯ ಹೆಸರು ಎರಡೂ ಒಂದೊಂದು ಇನಿಷಿಯಲ್ಲಿಗೆ ಇಳಿದಿವೆ. ಶಾಲೆಯ ಹಾಜರಿ ಪುಸ್ತಕದಲ್ಲಿರುವ 'ಡಿ' ಎಂಬ ಒಂದಕ್ಷರದಲ್ಲಿ ದೋಣಿಯೂ ಇಲ್ಲ, ಕಲ್ಲೂ ಇಲ್ಲ. ಹೊಲ, ಹಳ್ಳ, ಮನೆತನಗಳಿಗೆ ಆ ಹೆಸರು ಏಕೆ ಬಂತೆಂಬುದನ್ನು ಬಲ್ಲ ಅಜ್ಜ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಬರೆದಿಡಿ. ಅವರ ನಂತರ ಹೇಳುವವರು ಸಿಗಲಾರರು.