ರೇಖೆಯೂ ನೆಮ್ಮದಿಯೂ



ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮುಚ್ಚಿಗೆಯಲ್ಲಿ ವಿದ್ಯಾರಣ್ಯರ ಮೆರವಣಿಗೆಯನ್ನು ಚಿತ್ರಿಸಿದ ಕೌಶಲವು ಎಲ್ಲರಿಗೂ ಲಭಿಸದು. ಚಿತ್ರಿಸುವುದರಿಂದ ದೊರೆಯುವ ನೆಮ್ಮದಿಯಾದರೋ ಎಲ್ಲರದು. 2016ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ 39 ಮಂದಿ 45 ನಿಮಿಷಗಳ ಕಾಲ ಬಣ್ಣ, ಜೇಡಿಮಣ್ಣುಗಳಿಂದ ಮನಬಂದುದನ್ನು ರಚಿಸಿದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ, ಮನಸ್ಸು ಕಳವಳಗೊಂಡಾಗ ಏರುವ ಕಾರ್ಟಿಸಾಲ್ ಎಂಬ ಸ್ರಾವವು ತಗ್ಗಿತು. ಕಲೆಯನ್ನು ಬಲ್ಲವರಿಗೂ ಅರಿಯದವರಿಗೂ ಭೇದ ಕಾಣಲಿಲ್ಲ.

ನಾನು ಉಪಾಧ್ಯಾಯನಾಗಿದ್ದಾಗ, ತಂದೆಯನ್ನು ಕಳೆದುಕೊಂಡ ಬಾಲಕನೊಬ್ಬನು ಹಲಗೆಯ ಮೇಲೆ ಬರೆದ ಕೊಟ್ಟೂರಿನ ತೇರನ್ನು ನೋಡಿ, “ಇದೇನು, ಹುಲ್ಲಿನ ಬಣವೆಯೋ?” ಎಂದು ನಕ್ಕೆನು. ಅವನು ಮತ್ತೆ ಚಿತ್ರ ಬರೆಯಲಿಲ್ಲ. ತಂದೆಯ ಹೆಗಲೇರಿ ಅವನು ಕಂಡಿದ್ದ ತೇರು ಅದೆಂದು ಬಳಿಕ ತಿಳಿಯಿತು.

ಮಕ್ಕಳ ಚಿತ್ರವನ್ನು ಅಳೆಯದಿರಿ. ಅದರ ಕಥೆಯನ್ನು ಕೇಳಿರಿ.