ವಂಶವಾಹಿಗಳನ್ನು ಆಳುವವರ ಹುಡುಕಾಟ

ನಮ್ಮ ಕಣ್ಣಿನ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಇರುವುದು ಅವೇ ಸುಮಾರು 20,000 ವಂಶವಾಹಿಗಳು. ಯಾವುದು ಎಲ್ಲಿ, ಯಾವಾಗ ಕೆಲಸಕ್ಕಿಳಿಯಬೇಕು ಎಂದು ನಿರ್ಧರಿಸುವ ಪ್ರೋಟೀನುಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳು. ಮನುಷ್ಯರಲ್ಲಿ ಇವು 1,600ರ ಆಸುಪಾಸು.

ಇಂಥದ್ದೊಂದು ಆಳ್ವಿಕೆ ಇದೆಯೆಂದು 1961ರಲ್ಲಿ ತೋರಿಸಿಕೊಟ್ಟವರು ಪ್ಯಾರಿಸ್ಸಿನ ವಿಜ್ಞಾನಿಗಳಾದ ಜಾಕೊಬ್ ಮತ್ತು ಮೊನೊ. ಹಾಲಿನ ಸಕ್ಕರೆ ಸಿಗದಿದ್ದಾಗ ಬ್ಯಾಕ್ಟೀರಿಯಾ ಅದನ್ನು ಜೀರ್ಣಿಸುವ ವಂಶವಾಹಿಗಳನ್ನು ತಡೆದಿಟ್ಟಿರುತ್ತದೆ. ಆ ತಡೆ ಒಂದು ಪ್ರೋಟೀನು ಎಂಬುದು 1966ರಲ್ಲಿ ಖಚಿತವಾಯಿತು. 1988ರಲ್ಲಿ ಜರ್ಮನಿಯ ಎಡ್ಗರ್ ವಿಂಗೆಂಡರ್ ಇಂಥ ಪ್ರೋಟೀನುಗಳನ್ನೂ ಅವು ಡಿಎನ್‌ಎ ಮೇಲೆ ಕೂರುವ ಜಾಗಗಳನ್ನೂ ಪಟ್ಟಿಮಾಡಿದರು. ಅದೇ ಮುಂದೆ ಟ್ರಾನ್ಸ್‌ಫ್ಯಾಕ್ ಎಂಬ ದತ್ತಸಂಚಯವಾಯಿತು.

ಈ ಹುಡುಕಾಟದಲ್ಲಿ ಬೆಂಗಳೂರಿನ ಪಾಲನ್ನು ಸ್ವಲ್ಪ ನಿಂತು ಹೇಳಬೇಕು. ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಂಜು ಬನ್ಸಲ್ ಅವರು ಹಿಡಿದದ್ದು ಬೇರೆಯೇ ದಾರಿ. ಎ, ಟಿ, ಜಿ, ಸಿ ಎಂಬ ಅಕ್ಷರಗಳ ಜೋಡಣೆಯ ಬದಲು ಅವರು ನೋಡಿದ್ದು ಡಿಎನ್‌ಎಯ ಗಟ್ಟಿತನವನ್ನು. ಎ-ಟಿ ಜೋಡಿಗೆ ಎರಡು ಹೈಡ್ರೋಜನ್ ಬಂಧ, ಜಿ-ಸಿ ಜೋಡಿಗೆ ಮೂರು; ಬಂಧ ಕಡಿಮೆಯಾದಷ್ಟೂ ಹಿಡಿತ ಸಡಿಲ. ವಂಶವಾಹಿಯ ನಕಲು ಶುರುವಾಗುವ ಜಾಗಕ್ಕಿಂತ ತುಸು ಹಿಂದೆ ಸಾಮಾನ್ಯವಾಗಿ ಎಳೆಗಳ ಹಿಡಿತ ಸಡಿಲ, ಹಾಗಾಗಿ ಅಲ್ಲಿ ಅವು ಬೇಗ ಬಿಚ್ಚಿಕೊಳ್ಳುತ್ತವೆ. ನಿಯಂತ್ರಣ ನಡೆಯುವ ಜಾಗವನ್ನು ಈ ಸಡಿಲಿನಿಂದಲೇ ಗುರುತಿಸುವ ವಿಧಾನವನ್ನು 2005ರಲ್ಲಿ ಅದಿತಿ ಕನ್ಹೆರೆ ಅವರೊಡನೆ ಪ್ರಕಟಿಸಿದರು. ಅದೇ ಜಾಡಿನಲ್ಲಿ ಪ್ರೋಮ್‌ಪ್ರೆಡಿಕ್ಟ್ ಎಂಬ ತಂತ್ರಾಂಶ ಬಂತು. ನಮ್ಮ ಮಕ್ಕಳ ಪಾಠದಲ್ಲಿ ಇರಬೇಕಾದ ಕೆಲಸ ಇದು.

ಇನ್ನು, ವಂಶವಾಹಿಗಳ ಪಟ್ಟಿ ಕೊಟ್ಟರೆ ಅವುಗಳನ್ನು ಆಳುವ ಪ್ರೋಟೀನುಗಳ ಹೆಸರು ಹೇಳುವ ಆನ್‌ಲೈನ್ ಸಾಧನಗಳಲ್ಲಿ ಹೆಸರಾದದ್ದು ನ್ಯೂಯಾರ್ಕಿನ ಮೌಂಟ್ ಸಿನಾಯ್‌ನಲ್ಲಿ ಅವಿ ಮಾಯಾನ್ ಅವರ ತಂಡ 2010ರಲ್ಲಿ ತಂದ ಚಿಯಾ. 2019ರಲ್ಲಿ ಅದರ ಮೂರನೆಯ ಆವೃತ್ತಿ ಬಂತು. ಹಲವು ಪ್ರೋಟೀನುಗಳ ಅಧೀನದಲ್ಲಿರಬಹುದಾದ ವಂಶವಾಹಿಗಳ ಪಟ್ಟಿಗಳು ಹಿಂದಿನ ಪ್ರಯೋಗಗಳಿಂದ ಸಿಕ್ಕಿರುತ್ತವೆ. ನಿಮ್ಮ ಪಟ್ಟಿ ಅವುಗಳೊಡನೆ ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು ಹೊಂದುತ್ತದೆ ಎಂದು ಲೆಕ್ಕಹಾಕಿ ಚಿಯಾ ಕ್ರಮಾಂಕ ಕೊಡುತ್ತದೆ. ಆ ಕ್ರಮಾಂಕ ಊಹೆ, ಪುರಾವೆಯಲ್ಲ. ಹೆಚ್ಚು ಅಧ್ಯಯನವಾದ ಪ್ರೋಟೀನುಗಳು ಸುಲಭವಾಗಿ ಮೇಲೆ ಬರುವ ಅಪಾಯವೂ ಉಂಟು.

ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ, ಮೈಸೂರು ರಸ್ತೆಯ ಕಾಲೇಜುಗಳಲ್ಲಿ ಜೀವವಿಜ್ಞಾನ ಓದುತ್ತಿರುವವರಿಗೆ ಒಂದು ಮಾತು. ಇಂಥ ಸಾಧನಕ್ಕೆ ಹೊಸ ಪಟ್ಟಿ ಹಾಕುವ ಮೊದಲು ಉತ್ತರ ಗೊತ್ತಿರುವ ಪಟ್ಟಿ ಹಾಕಿ. ಎಂಡಿಎಂ2, ಬ್ಯಾಕ್ಸ್, ಸಿಡಿಕೆಎನ್1ಎ ಮೊದಲಾದ ವಂಶವಾಹಿಗಳನ್ನು ಆಳುವುದು ಪಿ53 ಎಂಬ ಪ್ರೋಟೀನು ಎಂಬುದು ಪ್ರಯೋಗಾಲಯದಲ್ಲೇ ಸಾಬೀತಾಗಿದೆ. ತಂತ್ರಾಂಶ ಅದನ್ನು ಎಷ್ಟನೆಯ ಸ್ಥಾನದಲ್ಲಿ ಇಡುತ್ತದೆ ನೋಡಿ, ಆಮೇಲೆ ನಿಮ್ಮ ಪ್ರಶ್ನೆ ಕೇಳಿ.